ಮುಷ್ಟಿ ಕಾಳು

ಆ ಮನೆಯಲ್ಲಿ ಯಾರೂ ಯಾವತ್ತೂ ಕಾಳು ಕೊಂಡು ತಂದವರಲ್ಲ. ಕೊಳ್ಳುವ ಪ್ರಮೇಯವೇ ಬಂದಿರಲಿಲ್ಲ. ಮನೆಯ ಯಜಮಾನರು ಮಾರುಕಟ್ಟೆಯ ಅಂಗಳದಲ್ಲಿ ಕಾಳಿನ ದಲ್ಲಾಳಿ. ಬೆಳೆಗಾರರು ಮೂಟೆ ಇಳಿಸಿ ಬಾಯಿ ಬಿಚ್ಚಿದರೆ, ಅವರು ಮೊಣಕೈವರೆಗೂ ಕೈ ಇಳಿಸಿ ಒಂದು ಮುಷ್ಟಿ ಎತ್ತುತ್ತಿದ್ದರು. ಅಂಗೈ ಮೇಲೆ ಹರಡಿ, ಊದಿ, ಒಂದೆರಡು ಕಾಳು ಕಚ್ಚಿ ನೋಡಿ ದರ ಹೇಳುತ್ತಿದ್ದರು. ಎತ್ತಿದ ಮುಷ್ಟಿ ಮತ್ತೆ ಮೂಟೆಗೆ ಹೋಗುವ ಪದ್ಧತಿ ಇರಲಿಲ್ಲ. ಅದು ಕಾಲ ಬಳಿಯ ಬುಟ್ಟಿಗೆ ಬೀಳಬೇಕು. ಯಾಕೆ ಎಂದು ಕೇಳಿದವರಿಲ್ಲ. ಅಂಗಳದ ದಲ್ಲಾಳಿಗಳೆಲ್ಲ ಮಾಡುವುದೂ ಹೀಗೇ. ಆದರೆ ಇವರ ಕೈ ಎಲ್ಲರದಕ್ಕಿಂತ ದೊಡ್ಡದು, ಅದಕ್ಕೇ ಇವರಿಗೆ ಅಲ್ಲಿ ‘ಮುಷ್ಟಿ’ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಬೆನ್ನ ಹಿಂದೆ ಬೇರೇನೂ ಅನ್ನುತ್ತಿರಲಿಲ್ಲ.

ಸಂಜೆ ಆ ಬುಟ್ಟಿ ಮನೆಗೆ ಬರುತ್ತಿತ್ತು. ಕಡಲೆ, ಹೆಸರು, ಅಲಸಂದೆ, ಬಟಾಣಿ ಎಲ್ಲ ಒಂದರೊಳಗೊಂದು. ಜೊತೆಗೆ ಕಲ್ಲು, ಮಣ್ಣಿನ ಹೆಂಟೆ, ಹುಳ, ಚೀಲದ ದಾರದ ಎಳೆ. ಆರಿಸುವುದು ಅಮ್ಮನ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಮೊರವನ್ನು ಅವಳ ಮಡಿಲಿಗಿಟ್ಟು, “ಇನ್ನು ನನ್ನ ಕಣ್ಣಿಗೆ ರಜೆ” ಅಂದಿದ್ದಳು. ಆವತ್ತಿನಿಂದ ಅಮ್ಮನಿಗೆ ಮಧ್ಯಾಹ್ನ ಎಂದರೆ ಕಿಟಕಿ ಪಕ್ಕದ ನೆಲ, ಚಾಚಿದ ಕಾಲು, ಕಾಲ ಮೇಲೆ ಮೊರ. ಮಗ ಹುಟ್ಟಿದ, ಮಗಳು ಹುಟ್ಟಿದಳು, ಕನ್ನಡಕ ಬಂತು, ಕನ್ನಡಕದ ಗಾಜು ದಪ್ಪವಾಯಿತು. ಮೊರ ಮಾತ್ರ ಇದ್ದಲ್ಲೇ ಇತ್ತು. ಪಕ್ಕದ ಮನೆಯವರು, “ನಿಮಗೇನಮ್ಮ, ಕಾಳು ಪುಕ್ಕಟೆ” ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅಮ್ಮನೂ ಹೌದೆನ್ನುತ್ತಿದ್ದಳು. ಅವಳಿಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು.

ಮಗಳು ಫೈನಾನ್ಸ್‌ನಲ್ಲಿ ದೊಡ್ಡ ಪದವಿ ಮುಗಿಸಿಕೊಂಡು ಬಂದಳು. ಯಜಮಾನರು ಆಗಲೇ ಅಂಗಳದ ತುಂಬ ಅವಳನ್ನು ಬ್ಯಾಂಕಿನ ಆಫೀಸರ್ ಮಾಡಿಬಿಟ್ಟಿದ್ದರು. ಒಂದು ದಿನ ಊಟದ ಹೊತ್ತಿಗೆ ಮಗಳು, ಸೋಮವಾರದಿಂದ ಊರಾಚೆಯ ಹೊಸ ಗೋದಾಮಿನ ಕಂಪನಿಗೆ ಕೆಲಸಕ್ಕೆ ಹೋಗುತ್ತೇನೆ ಅಂದಳು.

“ಗೋದಾಮು ಕಾಯೋಕೆ ಇಷ್ಟು ಓದಬೇಕಿತ್ತಾ?” ಯಜಮಾನರು ತುತ್ತು ಕೈಯಲ್ಲೇ ಹಿಡಿದು ಕೇಳಿದರು.

“ಕಾಯೋದಲ್ಲಪ್ಪ. ಬೆಳೆದವರು ಕಾಳು ತಂದು ಅಲ್ಲಿಡ್ತಾರೆ. ನಾನು ಗುಣ ನೋಡಿ ಬೆಲೆ ಕಟ್ತೀನಿ. ಆ ದಾಸ್ತಾನಿನ ಮೇಲೆ ಬ್ಯಾಂಕು ಸಾಲ ಕೊಡುತ್ತೆ. ಸುಗ್ಗಿಲಿ ದರ ಬಿದ್ದಾಗ ಮಾರ್ಲೇಬೇಕು ಅಂತಿಲ್ಲ. ಏರಿದಾಗ ಮಾರಿ ಸಾಲ ತೀರಿಸ್ತಾರೆ.”

“ಫೈನಾನ್ಸ್ ಓದಿದವರು ಬ್ಯಾಂಕಲ್ಲಿ ಕೂತ್ಕೋತಾರೆ. ಗಾಜಿನ ಬಾಗಿಲು, ತಣ್ಣಗಿನ ಗಾಳಿ. ಮೂಟೆ ನಡುವೆ ಓಡಾಡಲ್ಲ.”

“ನನ್ನ ಜೊತೆ ಓದಿದವಳೊಬ್ಬಳು ಬೆಳೆವಿಮೆ ಕಂಪನಿ ಸೇರಿದ್ಲು. ಇನ್ನೊಬ್ಬ ಬೀಜದ ಕಂಪನಿಲಿ ಇದಾನೆ, ಯಾವ ಊರಿಗೆ ಎಷ್ಟು ಬೀಜ ಸಾಲಕ್ಕೆ ಕೊಡಬಹುದು ಅಂತ ಅವನೇ ಹೇಳೋದು. ಇನ್ನೊಬ್ಬಳು ಮುಂದಿನ ವರ್ಷದ ಕಾಳಿನ ದರ ಅಂದಾಜು ಮಾಡ್ತಾಳೆ, ಅದಕ್ಕೇ ಸಂಬಳ. ಜನ ಉಣ್ಣೋದು ನಿಲ್ಲಿಸೋವರೆಗೂ ಈ ಕೆಲಸಗಳು ನಿಲ್ಲಲ್ಲಪ್ಪ.”

ತಂದೆಯ ಜೊತೆ ದಲ್ಲಾಳಿ ಅಂಗಡಿ ನೋಡಿಕೊಳ್ಳುತ್ತಿದ್ದ ಮಗ ನಕ್ಕ. “ಅಂದ್ರೆ ನಮ್ಮದೇ ಕೆಲಸ, ಬೂಟು ಹಾಕ್ಕೊಂಡು ಮಾಡೋದು.”

“ಇಲ್ಲಣ್ಣ. ನಿಮ್ಮ ಕೆಲಸದ ಉಲ್ಟಾ.”

ಯಜಮಾನರೂ ನಕ್ಕರು. ಹುಡುಗಿಯ ಹುಚ್ಚು, ಧೂಳು ಮೂಗಿಗೆ ಹೋದರೆ ತಾನೇ ಬಿಡುತ್ತದೆ ಎಂದುಕೊಂಡರು. ಅಮ್ಮ ಮಾತ್ರ ‘ಉಲ್ಟಾ’ ಎನ್ನುವ ಮಾತನ್ನು ಪಾತ್ರೆ ತೊಳೆಯುವಾಗ ಇನ್ನೊಂದು ಸಲ ನೆನೆಸಿಕೊಂಡಳು. ಅವಳಿಗೆ ಅದು ಅಷ್ಟು ಹಿಡಿಸಲಿಲ್ಲ.

ಧೂಳು ಮೂಗಿಗೆ ಹೋಯಿತು, ಕೂದಲಿಗೆ ಹೋಯಿತು, ಮಗಳು ಬಿಡಲಿಲ್ಲ. ಬೆಳಿಗ್ಗೆ ಎರಡು ರೊಟ್ಟಿ ಕಟ್ಟಿಸಿಕೊಂಡು ಹೋದವಳು ಸಂಜೆ ಬೂದು ಬಣ್ಣವಾಗಿ ಬರುತ್ತಿದ್ದಳು. ಬಚ್ಚಲಲ್ಲಿ ಅವಳ ಬಟ್ಟೆ ಒಗೆದರೆ ನೀರು ಚಹಾದ ಬಣ್ಣ. “ಬ್ಯಾಂಕಿನ ಬಟ್ಟೆ ಹೀಗಿರಲ್ಲ” ಎಂದು ಅಮ್ಮ ಗೊಣಗುತ್ತಿದ್ದಳು. ಹಲ್ಲಿಲ್ಲದ ಅಜ್ಜಿ ಮೂಲೆಯ ಮಂಚದಿಂದ, “ಕಾಳಿನ ಧೂಳು ತಾನೆ, ಈ ಮನೆಗೆ ಹೊಸದಾ” ಎಂದು ಬಾಯಿ ಹಾಕುತ್ತಿದ್ದಳು. ಊಟಕ್ಕೆ ಕೂತರೆ ಮಗಳಿಗೆ ಮಾತೇ ಮಾತು. ತೇವ ಅಳೆಯುವ ಯಂತ್ರದ ಮಾತು, ಬ್ಯಾಂಕಿನವರ ತಕರಾರಿನ ಮಾತು, ಮೊದಲ ಸಲ ಬೆಳೆ ಮಾರದೆ ಮನೆಗೆ ಹೋದವನು ಗೇಟಿನಲ್ಲಿ ನಿಂತು ಮೂರು ಸಲ ಹಿಂತಿರುಗಿ ನೋಡಿದ ಮಾತು.

ಅಂಥದ್ದೇ ಒಂದು ಮಾತಿನ ನಡುವೆ ಅವಳು ಹೇಳಿದಳು, “ನಾವು ಟೊಳ್ಳು ಕೊಳವೆ ಚುಚ್ಚಿ ಮಾದರಿ ತೆಗೀತೀವಿ. ನೋಡಿ ಆದ್ಮೇಲೆ ಅವರ ಕಣ್ಣೆದುರೇ ಅವರ ಮೂಟೆಗೇ ವಾಪಸ್ ಸುರಿಬೇಕು. ಅದು ನಿಯಮ.”

ಯಜಮಾನರ ಕೈ ತಟ್ಟೆಯಲ್ಲಿ ನಿಂತಿತು. “ವಾಪಸ್ ಸುರೀತೀರಾ?”

“ಹೂಂ. ಅವರ ಕಾಳಲ್ವಾ.”

ಅಷ್ಟೇ. ಮಗಳು ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಆದರೆ ಆ ತಟ್ಟೆಗಳಲ್ಲಿ ಆವತ್ತು ಇದ್ದದ್ದೂ ಮುಷ್ಟಿ ಕಾಳೇ. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಅಮ್ಮನಿಗೆ ಮಗಳ ಮೇಲೆ ರೇಗಿತು. ಮಾತಾಡಲು ಬಂದರೆ ಸಾಕೆ, ಎಲ್ಲಿ ಕೂತು ಮಾತಾಡುತ್ತಿದ್ದೇನೆ ಎನ್ನುವುದು ಬೇಡವೆ?

ಸುಗ್ಗಿ ಬಂತು. ಪ್ರತಿ ವರ್ಷ ಈ ಹೊತ್ತಿಗೆ ಅಂಗಳದಲ್ಲಿ ಲಾರಿಗೆ ಜಾಗ ಸಿಗದೆ ಬೈದಾಟವಾಗುತ್ತಿತ್ತು. ಈ ವರ್ಷ ಲಾರಿಗಳು ಅಂಗಳದ ಮುಂದೆ ಹಾದು ಊರಾಚೆಗೆ ಹೋದವು. ಎಲ್ಲವೂ ಅಲ್ಲ, ಆದರೆ ಹೋದದ್ದು ಕಣ್ಣಿಗೆ ಕಾಣುವಷ್ಟು. ಯಜಮಾನರ ಬುಟ್ಟಿ ಅರ್ಧ ಬಂತು, ಆಮೇಲೆ ಕಾಲು ಬಂತು. ಒಂದು ಸಂಜೆ ಬರೀ ಬುಟ್ಟಿ ಬಂತು. ಯಜಮಾನರು ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಮಲಗಿದರು.

ಏನಾಯಿತೆಂದು ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. ವರ್ಷಗಳಿಂದ ಇವರಿಗೇ ಮಾರುತ್ತಿದ್ದ ಮುದುಕನೊಬ್ಬ ಮೂಟೆ ಬಿಚ್ಚಿದನಂತೆ. ಅಪ್ಪ ಮುಷ್ಟಿ ಎತ್ತಿ ನೋಡಿ ಬುಟ್ಟಿಗೆ ಹಾಕಲು ಹೋದರೆ, ಮುದುಕ ಮೂಟೆಯ ಬಾಯಿ ಅಗಲ ಮಾಡಿ ಹಿಡಿದನಂತೆ. “ಸಾಹುಕಾರ್ರೇ, ಇದರೊಳಗೆ ಹಾಕಿ. ಗೋದಾಮಲ್ಲಿ ನಿಮ್ಮ ಮಗಳು ವಾಪಸ್ ಸುರೀತಾರೆ” ಅಂದನಂತೆ. ಸುತ್ತ ಇದ್ದವರೆಲ್ಲ ನಕ್ಕರಂತೆ. ಆಮೇಲೆ ಬಂದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಮೂಟೆಯ ಬಾಯಿ ಹಿಡಿದೇ ನಿಂತರಂತೆ.

“ಇಡೀ ಅಂಗಳದ ಮುಂದೆ ಮಾನ ಹೋಯ್ತಮ್ಮ. ಅವಳಿಗೆ ಹೇಳು ನೀನು” ಅಂದ ಮಗ.

ಅಮ್ಮ ಹೇಳಿದಳು. ಮಗಳು ಬಾಗಿಲಲ್ಲಿ ಬೂಟು ಬಿಚ್ಚುವಾಗಲೇ ಹೇಳಿದಳು. “ನಿನ್ನ ಫೀಸು ಕಟ್ಟಿದ್ದು ಆ ಕೈ. ಆ ಕೈಗೇ ಬರೆ ಹಾಕಿದ್ಯಲ್ಲ. ನಾಳೆಯಿಂದ ಕಾಳಿಗೂ ಅಂಗಡಿ ಮುಂದೆ ನಿಲ್ಲಬೇಕು ನಾನು.”

“ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲಮ್ಮ.”

“ಹೇಳ್ಕೊಡೋದೇ ಬೇರೆ, ಮಾಡಿ ತೋರಿಸೋದೇ ಬೇರೆ. ಎರಡನೇದೇ ಕೆಟ್ಟದ್ದು.”

ಮಗಳ ಕಣ್ಣಲ್ಲಿ ನೀರು ತುಂಬಿತು. ಅವಳು ಅಳಲಿಲ್ಲ. “ಮೂಟೆ ಅವರದ್ದು, ಕಾಳು ಅವರದ್ದು. ಇಷ್ಟು ವರ್ಷ ಕೇಳಲಿಲ್ಲ ಅಂದ್ರೆ ಕೇಳಬಾರದು ಅಂತಲ್ಲ” ಎಂದು ಬಚ್ಚಲಿಗೆ ಹೋದಳು. ಆ ಸಂಜೆ ಪಾತ್ರೆಗಳಿಗೆ ಬಿದ್ದ ಪೆಟ್ಟು ಬೀದಿಗೆಲ್ಲ ಕೇಳಿತು.

ಮಾರನೆಯ ದಿನ ಅಮ್ಮ ಮದುವೆಯಾದ ಮೇಲೆ ಮೊದಲ ಸಲ ಕಾಳು ಕೊಂಡಳು. ಅಂಗಡಿಯವನು ಪೊಟ್ಟಣ ಕಟ್ಟಿಕೊಟ್ಟ. ಮನೆಗೆ ತಂದು ಮೊರಕ್ಕೆ ಸುರಿದರೆ ಒಂದೇ ಜಾತಿಯ ಕಡಲೆ, ಒಂದೇ ಗಾತ್ರ, ಒಂದು ಕಲ್ಲಿಲ್ಲ. ಅಭ್ಯಾಸಬಲದಿಂದ ಮೊರವನ್ನು ಎರಡು ಸಲ ಕೊಡವಿದಳು. ಆರಿಸಲು ಏನೂ ಇರಲಿಲ್ಲ. ಮಧ್ಯಾಹ್ನವೆಲ್ಲ ಉಳಿದುಹೋಯಿತು. ಕಿಟಕಿಯ ಪಕ್ಕ ಗೋಡೆಗೊರಗಿ ಹಾಗೇ ನಿದ್ದೆ ಹೋದಳು. ಎದ್ದಾಗ ಬೆನ್ನು ನೋಯುತ್ತಿರಲಿಲ್ಲ. ಈ ಬೆನ್ನುನೋವು ವಯಸ್ಸಿನದ್ದು ಎಂದು ಅವಳು ಎಷ್ಟೋ ವರ್ಷದಿಂದ ನಂಬಿದ್ದಳು.

“ಹೆಂಗಿತ್ತು?” ಮಂಚದಿಂದ ಅಜ್ಜಿ ಕೇಳಿದಳು.

“ಏನತ್ತೆ?”

“ನಿದ್ದೆ.”

ಅಮ್ಮ ಒಲೆ ಹಚ್ಚಿದಳು.

ಆ ವಾರದ ಕೊನೆಯಲ್ಲಿ ಮಗಳು ಮಧ್ಯಾಹ್ನವೇ ಮನೆಗೆ ಬಂದಳು. ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಗೋದಾಮಿನಲ್ಲಿ ಇಟ್ಟಿರುತ್ತಿದ್ದ ಹಳೆಯ ಸ್ವೆಟರು, ನೀರಿನ ಬಾಟಲಿ. ಡಬ್ಬಿ ತೆರೆದಿರಲಿಲ್ಲ. ಮುಖ ಕೆಂಡವಾಗಿತ್ತು.

“ಅಪ್ಪ ಬಂದಿದ್ರು” ಅಂದಳು. “ನನ್ನ ಹತ್ರ ಅಲ್ಲ. ಮ್ಯಾನೇಜರ್ ರೂಮಿಗೆ. ‘ನಮ್ಮ ಹುಡುಗಿ ಇನ್ನು ಕೆಲಸಕ್ಕೆ ಬರಲ್ಲ, ಮನೇಲಿ ತೀರ್ಮಾನ ಆಗಿದೆ’ ಅಂತ ಹೇಳಿ ಚಹಾ ಕುಡಿದು ಹೋಗಿದಾರೆ. ಆಮೇಲೆ ಮ್ಯಾನೇಜರ್ ನನ್ನ ಕರೆದ್ರು.”

“ನೀನು ಇಲ್ಲ ಅನ್ನಬೇಕಿತ್ತು.”

“ಅಂದೆ. ‘ನೋಡಮ್ಮ, ಸುಗ್ಗಿ ಮುಗಿದ ಮೇಲೆ ನಮ್ಮ ಅರ್ಧ ಗೋದಾಮು ಬಾಡಿಗೆಗೆ ಹಿಡಿಯೋದು ದಲ್ಲಾಳಿಗಳೇ, ಅವರನ್ನ ಎದುರು ಹಾಕ್ಕೊಳ್ಳೋಕಾಗಲ್ಲ, ಮನೆ ಜಗಳ ಸರಿಮಾಡ್ಕೊಂಡು ತಂದೆಯವರನ್ನ ಕರ್ಕೊಂಡು ಬಾ’ ಅಂದ್ರು. ತಂದೆಯವರನ್ನ ಕರ್ಕೊಂಡು ಬಾ ಅಂತೆ ಅಮ್ಮ. ನಾನೇನು ಒಂದನೇ ಕ್ಲಾಸಾ?”

ಅಮ್ಮ ನೀರು ಕೊಟ್ಟಳು. ಮಗಳ ಹಲ್ಲು ಲೋಟಕ್ಕೆ ತಗುಲಿ ಕಟಕಟ ಅಂದಿತು. ಅಷ್ಟು ಸಿಟ್ಟನ್ನು ಅಮ್ಮ ಆ ಹುಡುಗಿಯಲ್ಲಿ ನೋಡಿರಲಿಲ್ಲ. ಮನೆಯಲ್ಲಿ ತೀರ್ಮಾನ ಆಗಿದೆಯಂತೆ. ಯಾವ ಮನೆಯಲ್ಲಿ? ಯಾವಾಗ? ಮನೆಯಲ್ಲಿ ಇಡೀ ದಿನ ಇರುವವಳು ತಾನು. ತನಗೆ ಗೊತ್ತಿಲ್ಲದ ಹಾಗೆ ಯಾವ ಗೋಡೆ ತೀರ್ಮಾನ ಮಾಡಿತು?

ಆ ಸಂಜೆ ಯಜಮಾನರು ಉಲ್ಲಾಸವಾಗಿ ಬಂದರು. ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತು, ಮಗಳಿಗೆ ತಾವೇ ಪಕ್ಕದಲ್ಲಿ ಜಾಗ ಮಾಡಿದರು.

“ಮುಖ ಊದಿಸ್ಕೋಬೇಡ. ಸೋಮವಾರದಿಂದ ನಮ್ಮ ಅಂಗಡಿಗೆ ಬಾ. ನಿನ್ನ ಅಣ್ಣನಿಗೆ ಬ್ಯಾಂಕಿನ ವ್ಯವಹಾರ ತಿಳಿಯಲ್ಲ, ಪಕ್ಕದಲ್ಲಿ ಕೂತು ಹೇಳ್ಕೊಡು. ಓದಿದ್ದು ಮನೇಲೇ ಇರುತ್ತೆ.”

“ಸಂಬಳ?” ಮಗಳು ಕೇಳಿದಳು.

“ಮನೆ ಮಕ್ಕಳಿಗೆ ಸಂಬಳ ಏನು? ಅನ್ನ ಹಾಕ್ತಿಲ್ವಾ?” ಎಂದು ಮಗ ಅಂದ.

“ನಿನಗೆ ಅಂಗಡಿ ಬರುತ್ತೆ. ನನಗೆ ಅನ್ನ ಬರುತ್ತೆ. ಚೆನ್ನಾಗಿದೆ ಅಣ್ಣ.”

“ನಾಲಿಗೆ ಬಿಗಿ ಹಿಡಿ” ಎಂದರು ಯಜಮಾನರು. ಉಲ್ಲಾಸ ಇಳಿದಿತ್ತು. “ಇಷ್ಟು ವರ್ಷ ಈ ಮನೆಗೆ ಕಾಳು ಪುಕ್ಕಟೆ ಬಂತು. ಒಂದು ದಿನ ಕೊರತೆ ಮಾಡಿದೀನಾ ಕೇಳು ನಿನ್ನ ಅಮ್ಮನ್ನ.”

“ಪುಕ್ಕಟೆ ಅಲ್ಲಪ್ಪ. ಕಾಳು ಬೆಳೆದವರದ್ದು. ಆರಿಸಿದ್ದು ಅಮ್ಮ. ನಿಮ್ಮದು ಬುಟ್ಟಿ ಮಾತ್ರ.”

“ಆರಿಸೋದೇನು ಮಹಾ? ಕೂತಲ್ಲೇ ಮಾಡೋ ಕೆಲಸ. ಹೊತ್ತು ಹೋಗಲ್ಲ ಅಂತ ಮಾಡ್ತಾಳೆ.”

ಬಡಿಸುತ್ತಿದ್ದ ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಅವಳು ಗಂಡನ ಮುಖ ನೋಡಿದಳು. ಅವರು ಬೇಕೆಂದು ನೋಯಿಸಲು ಹೇಳಿರಲಿಲ್ಲ. ನಿಜವಾಗಿಯೂ ಹಾಗೇ ತಿಳಿದಿದ್ದರು. ಅದೇ ಅವಳ ಮೈಯೆಲ್ಲ ಉರಿಸಿತು. ಸಿಟ್ಟಿನಲ್ಲಿ ಬಾಯಿ ತಪ್ಪಿ ಬಂದ ಮಾತಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ಇವಳಿಗೆ ಹೊತ್ತು ಹೋಗುವುದಿಲ್ಲ ಎಂದುಕೊಂಡಿದ್ದರಲ್ಲ ಈ ಮನುಷ್ಯ.

ಅವಳು ಸೌಟನ್ನು ಪಾತ್ರೆಗೆ ಬಿಟ್ಟು ಒಳಗೆ ಹೋದಳು. ಯಜಮಾನರು ತಾವೇ ಬಡಿಸಿಕೊಂಡು ಉಂಡರು.

ಮಗಳ ಸುದ್ದಿ ಅಂಗಳದಲ್ಲೆಲ್ಲ ಹರಡಿರಬೇಕು. ಮಗಳ ಬಾಯಿ ಮುಚ್ಚಿಸಿದಿರಿ ಎಂದು ದಲ್ಲಾಳಿಗಳು ಯಜಮಾನರ ಬೆನ್ನು ತಟ್ಟಿದರು. ಗೋದಾಮಿನಲ್ಲಿ ಬೆಲೆ ಕಟ್ಟುವವರಿಲ್ಲದೆ ಕೆಲವರು ಮೂಟೆಗಳನ್ನು ಮತ್ತೆ ಅಂಗಳಕ್ಕೇ ತಂದರು. ಕೈಯಲ್ಲಿ ಬೇರೆ ದಾರಿ ಇಲ್ಲದವನು ಮೂಟೆಯ ಬಾಯಿ ಹಿಡಿದು ನಿಲ್ಲುವುದಿಲ್ಲ. ಒಂದು ಸಂಜೆ ಯಜಮಾನರ ಬುಟ್ಟಿ ತುಂಬಿ ಬಂತು. ಅದನ್ನು ಅಡುಗೆಮನೆಯ ಹೊಸ್ತಿಲ ಮೇಲೆ ದಡ್ ಎಂದು ಇಟ್ಟು, “ನೋಡು, ಮತ್ತೆ ಬಂತು” ಅಂದರು, ಗೆದ್ದವರ ಹಾಗೆ.

ಮಾರನೆಯ ಮಧ್ಯಾಹ್ನ ಅಮ್ಮ ಊಟ ಮಾಡಿ ಕಿಟಕಿ ಪಕ್ಕ ಚಾಪೆ ಹಾಸಿ ಮಲಗಿದಳು. ಮೊರ ಗೋಡೆಯ ಮೊಳೆಯಲ್ಲೇ ಇತ್ತು. ನಿದ್ದೆಯೇನೂ ಬರಲಿಲ್ಲ, ಆದರೂ ಹಟ ಹಿಡಿದು ಕಣ್ಣು ಮುಚ್ಚಿಕೊಂಡಳು. ಸಂಜೆ ಎದ್ದು ದೊಡ್ಡ ಪಾತ್ರೆ ಇಟ್ಟು, ಬುಟ್ಟಿಯಿಂದ ಕಾಳನ್ನು ಬೊಗಸೆ ಬೊಗಸೆ ತೆಗೆದು ಹಾಗೇ ಸುರಿದಳು. ತೊಳೆದಳೇ? ತೊಳೆಯಲಿಲ್ಲ. ಉಪ್ಪು, ಮೆಣಸು, ಈರುಳ್ಳಿ ಎಂದಿನಂತೆ ಹಾಕಿದಳು. ಕೊಂಡು ತಂದ ಕಡಲೆಯನ್ನು ಸಣ್ಣ ಪಾತ್ರೆಯಲ್ಲಿ ಬೇರೆ ಬೇಯಿಸಿದಳು.

ಊಟಕ್ಕೆ ಕೂತಾಗ ಅಜ್ಜಿಗೆ, ಮಗಳಿಗೆ ಸಣ್ಣ ಪಾತ್ರೆಯಿಂದ ಬಡಿಸಿದಳು. ಅಜ್ಜಿಯದನ್ನು ಮಸೆದು ಕೊಟ್ಟಳು. ಗಂಡನಿಗೂ ಮಗನಿಗೂ ದೊಡ್ಡ ಪಾತ್ರೆಯಿಂದ ಧಾರಾಳವಾಗಿ.

ಮೊದಲ ತುತ್ತಿಗೇ ಯಜಮಾನರ ಬಾಯೊಳಗೆ ಕಟಕ್ ಎಂದಿತು. ಎಲ್ಲರಿಗೂ ಕೇಳಿತು. ಅವರು ದವಡೆ ಹಿಡಿದುಕೊಂಡು ಕಲ್ಲನ್ನು ಅಂಗೈಗೆ ಉಗಿದರು. ಮಗ ತನ್ನ ತಟ್ಟೆಯಿಂದ ಉದ್ದನೆಯ ದಾರದ ಎಳೆಯೊಂದನ್ನು ಎಳೆದು, ಅದರ ತುದಿಗೆ ಅಂಟಿದ್ದನ್ನು ನೋಡಿ ತಟ್ಟೆ ದೂರ ತಳ್ಳಿದ.

“ಕಲ್ಲು” ಎಂದರು ಯಜಮಾನರು.

“ಹೌದು” ಎಂದಳು ಅಮ್ಮ.

“ಆರಿಸಲಿಲ್ವಾ?”

“ಇವತ್ತು ಹೊತ್ತು ಚೆನ್ನಾಗಿ ಹೋಯ್ತು. ಆರಿಸೋ ಅಗತ್ಯ ಬೀಳಲಿಲ್ಲ.”

ಮಂಚದ ಕಡೆಯಿಂದ ಅಜ್ಜಿಯ ನಗೆ ಕೇಳಿತು. ಯಜಮಾನರ ಪಿತ್ತ ನೆತ್ತಿಗೇರಿತು. “ತಲೆ ನೆಟ್ಟಗಿದೆಯಾ ನಿನಗೆ? ಗಂಡ ಮಕ್ಕಳಿಗೆ ಮಣ್ಣು ಬಡಿಸ್ತೀಯಾ?”

“ನೀವು ತಂದಿದ್ದನ್ನೇ ಬಡಿಸಿದೀನಿ. ಪುಕ್ಕಟೆ ಕಾಳು ಅಂದ್ರೆ ಹೀಗೇ ಇರೋದು. ಇಷ್ಟು ವರ್ಷ ನೀವು ತಿಂದಿದ್ದು ಪುಕ್ಕಟೆದಲ್ಲ, ನನ್ನ ಕಣ್ಣು. ಅದರ ರುಚಿ ನಿಮಗೆ ಗೊತ್ತಾಗಲಿಲ್ಲ.” ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. “ಮನೇಲಿ ತೀರ್ಮಾನ ಆಗಿದೆ ಅಂತ ಹೇಳಿ ಬಂದ್ರಂತಲ್ಲ. ನನ್ನ ಕೇಳಿದ್ರಾ? ಅವಳನ್ನ ಕೇಳಿದ್ರಾ? ನನಗೊಂದು ಮೊರ ಕೊಟ್ಟು ಕೂರಿಸಿದ್ರಿ, ಸುಮ್ಮನೆ ಕೂತೆ. ಈಗ ಅವಳಿಗೂ ಒಂದು ಕೊಡೋಕೆ ಹೊರಟಿದೀರಿ. ಅಣ್ಣನ ಪಕ್ಕ ಕೂತ್ಕೋ, ಅನ್ನ ಹಾಕ್ತೀವಿ ಅಂತ. ನಾಳೆ ಹೋಗಿ ಆ ಮ್ಯಾನೇಜರ್‌ಗೆ ಅದೇ ಬಾಯಲ್ಲಿ ಹೇಳಿ, ತಪ್ಪಾಯ್ತು ಅಂತ.”

“ಬೇಡಮ್ಮ” ಎಂದಳು ಮಗಳು. ಅವಳು ಶಾಂತವಾಗಿ ಉಣ್ಣುತ್ತಿದ್ದಳು. “ಅಪ್ಪನ ಮಾತಿಂದ ವಾಪಸ್ ಸಿಗೋ ಕೆಲಸ, ಅಪ್ಪನ ಮಾತಿಂದಲೇ ಮತ್ತೆ ಹೋಗುತ್ತೆ. ನಾನು ಅಲ್ಲಿಗೆ ಹೋಗಲ್ಲ. ಬೆಳೆಗಾರರೆಲ್ಲ ಸೇರಿ ಒಂದು ಕಂಪನಿ ಮಾಡ್ಕೊಂಡಿದಾರೆ. ನಾನು ಬೆಲೆ ಕಟ್ಟಿದ್ದು ನೋಡಿ, ಮಧ್ಯಾಹ್ನ ಫೋನ್ ಮಾಡಿದ್ರು. ಅವರ ಹಣಕಾಸು, ಬ್ಯಾಂಕು, ಮಾರಾಟ ಎಲ್ಲ ನೋಡ್ಕೋಬೇಕು. ಸಂಬಳ ಗೋದಾಮಿಗಿಂತ ಕಮ್ಮಿ. ಒಪ್ಕೊಂಡೆ.”

“ಅಂದ್ರೆ ಅವರ ಮೂಟೆ ತಗೊಂಡು ಅಂಗಳಕ್ಕೆ ಬರೋಳು ನೀನು” ಎಂದರು ಯಜಮಾನರು, ನಿಧಾನವಾಗಿ. “ನನ್ನ ಎದುರು ನಿಂತ್ಕೋತೀಯಾ?”

“ಮೂಟೆ ಪಕ್ಕ ನಿಂತ್ಕೋತೀನಿ ಅಪ್ಪ. ಎದುರು ಯಾರಿರ್ತಾರೋ ಅದು ನನ್ನ ಕೈಲಿಲ್ಲ.”

ಯಜಮಾನರು ಎದ್ದು ನಿಂತರು. ಎಂಜಲು ಕೈಯನ್ನು ಬಾಗಿಲಿನ ಕಡೆ ಚಾಚಿದರು. “ಹಾಗಾದ್ರೆ ಹೊರಗೆ ಹೋದೋಳು ಒಳಗೆ ಬರೋದು ಬೇಡ. ಬಾಗಿಲು ತೆಗೆಯಲ್ಲ.”

“ಈ ಮನೇಲಿ ಬಾಗಿಲು ತೆಗೆಯೋಳು ನಾನು” ಎಂದಳು ಅಮ್ಮ. “ಯಾರಿಗೆ ತೆಗೀಬೇಕು ಅಂತ ನನಗೆ ಗೊತ್ತು. ಕೂತ್ಕೊಳ್ಳಿ.”

ಅವರು ಕೂರಲಿಲ್ಲ. ಕೈ ತೊಳೆದು ಹೊರಟುಹೋದರು. ಮಗನೂ ಹಿಂದೆಯೇ ಹೋದ. ಆ ರಾತ್ರಿ ಇಬ್ಬರೂ ಹೋಟೆಲಿನಲ್ಲಿ ಉಂಡರು. ಮಾರನೆಯ ದಿನವೂ, ಅದರಾಚೆಯ ದಿನವೂ. ಮನೆಯಲ್ಲಿ ಅಮ್ಮ ಕಾಳು ಬೇಯಿಸುವುದನ್ನು ಬಿಡಲಿಲ್ಲ, ಆರಿಸುವುದನ್ನು ಹಿಡಿಯಲಿಲ್ಲ. ದೊಡ್ಡ ಪಾತ್ರೆ ಹಾಗೇ ಮುಚ್ಚಿರುತ್ತಿತ್ತು. ಮಗಳು ಬೆಳಿಗ್ಗೆ ಬೂಟು ಹಾಕಿಕೊಂಡು ಹೊಸ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಂದು ಬಾಗಿಲು ತಟ್ಟುತ್ತಿದ್ದಳು. ಅಮ್ಮ ಎಲ್ಲಿದ್ದರೂ ಎದ್ದು ಬಂದು ತೆಗೆಯುತ್ತಿದ್ದಳು. ಯಜಮಾನರು ಅಲ್ಲೇ ಕೂತಿದ್ದರೂ ತೆಗೆಯುತ್ತಿದ್ದಳು.

ಹೋಟೆಲಿನ ಊಟದಿಂದ ಮೊದಲು ಮಗನ ಹೊಟ್ಟೆ ಕೆಟ್ಟಿತು, ಆಮೇಲೆ ಯಜಮಾನರದು. ಅಂಗಡಿಗೆ ರಜೆ ಇದ್ದ ಒಂದು ಮಧ್ಯಾಹ್ನ ಇಬ್ಬರೂ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ನಿಂತರು. ಹಸಿವಾಗಿದೆ ಎಂದು ಬಾಯಿ ಬಿಟ್ಟು ಹೇಳಲು ಇಬ್ಬರಿಗೂ ಆಗಲಿಲ್ಲ. ಅಮ್ಮ ಗೋಡೆಯ ಮೊಳೆಯಿಂದ ಮೊರ ತೆಗೆದಳು. ಬುಟ್ಟಿಯಿಂದ ಮುಷ್ಟಿ ಕಾಳು ಸುರಿದಳು. ಅದನ್ನು ಕಿಟಕಿ ಪಕ್ಕ, ತಾನು ಕೂರುತ್ತಿದ್ದ ಜಾಗದಲ್ಲಿ ಇಟ್ಟಳು.

“ಆರಿಸಿ ಕೊಡಿ. ಬೇಯಿಸ್ತೀನಿ.”

ಮಗ ಅಪ್ಪನ ಮುಖ ನೋಡಿದ. ಯಜಮಾನರು ಅಜ್ಜಿಯ ಕಡೆ ನೋಡಿದರು. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದಳು. ಕೊನೆಗೆ ಅವರು ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತರು. ದೊಡ್ಡ ಕೈ. ಮೂಟೆಯೊಳಗೆ ಸಲೀಸಾಗಿ ಇಳಿಯುತ್ತಿದ್ದ ಬೆರಳುಗಳಿಗೆ ಒಂದು ಕಲ್ಲು ಹಿಡಿಯಲು ಬರಲಿಲ್ಲ. ಒಂದನ್ನು ಎತ್ತಲು ಹೋದರೆ ನಾಲ್ಕು ಕಾಳು ನೆಲಕ್ಕೆ ಹಾರಿದವು. ಬೆನ್ನು ಬೇಗ ನೋಯಿತು. ಕಿಟಕಿಯ ಬೆಳಕು ಕಡಿಮೆಯಾಗುತ್ತ ಬಂದಂತೆ ಕಣ್ಣು ಕಿರಿದು ಮಾಡಿ, ಮೊರವನ್ನು ಮುಖದ ಹತ್ತಿರಕ್ಕೆ ಎತ್ತಿದರು. ಅಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅವಳ ಸಿಟ್ಟು ಒಂದು ಎಳೆಯೂ ಇಳಿದಿರಲಿಲ್ಲ.

ಯಜಮಾನರು ಏನನ್ನೋ ಎರಡು ಬೆರಳಲ್ಲಿ ಹಿಡಿದು ಅವಳ ಕಡೆ ಚಾಚಿದರು.

“ಇದು ಕಲ್ಲಾ, ಕಾಳಾ?”

“ಕಚ್ಚಿ ನೋಡಿ” ಎಂದಳು ಅಮ್ಮ. “ಅಂಗಳದಲ್ಲಿ ನೋಡೋದು ಹಾಗೇ ಅಲ್ವಾ.”